ಕೊಡಗಿನ ಒಂದು ಹಳ್ಳಿಯ ಚರಿತ್ರೆ ಬರೆಯುವ ಬಗೆ

ಊರಿನ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಕೊಡಗನ್ನು ಆಳಿದ ಹಾಲೇರಿ ಅರಸರಿಂದ ಶುರುಮಾಡುತ್ತಾರೆ. ಮೂರು ಪುಟ ಆಗುವಾಗ ಸರಕು ಮುಗಿದಿರುತ್ತದೆ. ಅರಸರ ಕಥೆ ಬೇಕಾದಷ್ಟು ಪುಸ್ತಕಗಳಲ್ಲಿ ಇದೆ. ನಿಮ್ಮ ಗದ್ದೆ ಬದುವಿನ ಕೊಲೆಕಲ್ಲು (ಸತ್ತವರ ನೆನಪಿನ ಕಲ್ಲು), ಊರವರು ಹಬ್ಬಕ್ಕೆ ಸೇರುವ ಬಯಲಾದ ಮಂದ್‌ನ ಪಕ್ಕದ ಹಳೇ ದಾರಿ, ಲೈನ್ ಮನೆಯವರು (ತೋಟದ ಕೆಲಸಗಾರರ ಸಾಲುಮನೆಯವರು) ಕೈಮುಗಿಯುವ ಕಲ್ಲು ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಕೆಲಸ ನೆಲದಿಂದಲೇ ಶುರುವಾಗಬೇಕು. ಊರಲ್ಲಿ ಕಣ್ಣಿಗೆ ಕಾಣುವುದನ್ನು ಮೊದಲು ದಾಖಲಿಸಿ, ಆಮೇಲೆ ಹಿರಿಯರ ಮಾತು, ಕೊನೆಗೆ ಕಾಗದಪತ್ರ. ಈ ಕ್ರಮ ತಿರುಗಿಸಿದರೆ ಓದಿದ್ದನ್ನೇ ಕಲ್ಲಿನ ಮೇಲೆ ಹೊರಿಸುವ ಅಭ್ಯಾಸ ಬರುತ್ತದೆ.

ಫ್ರಾನ್ಸಿನಲ್ಲಿ ನಾಲ್ಕೈದು ನೂರು ಜನ ಇರುವ ಸಣ್ಣ ಹಳ್ಳಿಯ ಚರಿತ್ರೆಯನ್ನೂ ವಿವರವಾಗಿ ಬರೆಯುವುದು ಸಾಧ್ಯ. ಅದಕ್ಕೆ ಕಾರಣ ದಾಖಲೆ. ಜ್ಞಾನಸ್ನಾನದ ಪುಸ್ತಕ ಇಡಬೇಕೆಂದು ಅಲ್ಲಿನ ಪಾದ್ರಿಗಳಿಗೆ 1539ರಲ್ಲೇ ರಾಜಾಜ್ಞೆ ಆಗಿತ್ತು. 1792ರಲ್ಲಿ ಹುಟ್ಟು, ಮದುವೆ, ಸಾವಿನ ದಾಖಲೆ ಊರಾಡಳಿತದ ಕೈಗೆ ಬಂತು. 1807ರ ಕಾನೂನಿನಿಂದ ಪ್ರತಿ ತುಂಡು ಹೊಲಕ್ಕೂ ನಕ್ಷೆ ಆಯಿತು. ಮೊದಲನೇ ಮಹಾಯುದ್ಧದ ನಂತರ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಸತ್ತ ಸೈನಿಕರ ಹೆಸರು ಕೊರೆದ ಸ್ಮಾರಕ ನಿಂತಿತು. ಚರ್ಚು, ಬಟ್ಟೆ ಒಗೆಯುವ ಕೊಳ, ಸ್ಮಾರಕದ ಕಲ್ಲು, ಹೊಲದ ಹೆಸರು ಇಷ್ಟು ಸಿಕ್ಕರೆ ಅಲ್ಲಿ ಒಂದು ಊರಿನ ಕಥೆ ನಿಲ್ಲುತ್ತದೆ. ನಮ್ಮಲ್ಲಿ ಇವಕ್ಕೆ ಸಮನಾದವು ಇವೆ, ಒಂದೇ ಕಡೆ ಇಲ್ಲ ಅಷ್ಟೇ. ಹೊಲದ ನಕ್ಷೆಯ ಜಾಗದಲ್ಲಿ ಹಾಲೇರಿ ಅರಸ ಲಿಂಗರಾಜೇಂದ್ರನ ಕಾಲದ, 1812ರ ಸುಮಾರಿನ ಶಿಸ್ತಿನ (ಭೂಕಂದಾಯದ) ಲೆಕ್ಕ. ಹುಟ್ಟುಸಾವಿನ ಪುಸ್ತಕದ ಜಾಗದಲ್ಲಿ ಒಕ್ಕದ (ಕೊಡವ ಮನೆತನದ) ಹೆಸರು ಮತ್ತು ಕಾರೋಣರ (ಮನೆತನದ ಪೂರ್ವಿಕರ) ನೆನಪು. ಸ್ಮಾರಕದ ಜಾಗದಲ್ಲಿ ಕೊಲೆಕಲ್ಲು. ಚರ್ಚಿನ ದಾಖಲೆಯೂ ಇಲ್ಲದಿಲ್ಲ: ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ಶುರುವಾದದ್ದು ಅದೇ 1792ರಲ್ಲಿ. ಆ ಭಾಗದ ಕ್ರೈಸ್ತ ಮನೆತನಗಳ ಬಗ್ಗೆ ಬರೆಯುವಾಗ ಅಲ್ಲಿ ಕೇಳದೆ ಬಿಡಬೇಡಿ.

ಯಾವಾಗ ಹೊರಡುವುದು, ಏನು ಬೇಕು

ಸುಗ್ಗಿಹಬ್ಬ ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ, ಡಿಸೆಂಬರ್ ಕೊನೆಯಿಂದ ಮಾರ್ಚ್ ವರೆಗೆ. ಆಗ ಗದ್ದೆ ಒಣಗಿರುತ್ತದೆ, ಬದುವಿನ ಕಲ್ಲುಗಳು ಕಾಣುತ್ತವೆ, ಕಲ್ಲಿನ ಪಾಚಿ ಒಣಗಿ ಗೆರೆಗಳು ತೋರುತ್ತವೆ. ಕಾಫಿ ಕುಯ್ಲು ನಡೆಯುವುದರಿಂದ ತೋಟದಲ್ಲಿ ಜನ ಇರುತ್ತಾರೆ, ದಾರಿ ಕೇಳಬಹುದು. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನೆಲದ ಕೆಲಸ ಆಗದು. ಆ ತಿಂಗಳುಗಳನ್ನು ಮಾತು ಕೇಳಲು, ಕಾಗದ ಓದಲು ಇಟ್ಟುಕೊಳ್ಳಿ. ಬೆಳಗ್ಗೆ ತೋಟಕ್ಕೆ ಇಳಿಯುವ ಮೊದಲು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರವೋ ಕೆಲಸದವರ ಹತ್ತಿರವೋ ಆನೆ ಎಲ್ಲಿದೆ ಎಂದು ಕೇಳಿಯೇ ಇಳಿಯಿರಿ.

ಮೂವರು ಬೇಕು: ಒಬ್ಬರು ಅಳೆಯಲು, ಒಬ್ಬರು ಬರೆಯಲು, ಒಬ್ಬರು ಫೋಟೋಗೆ. ಸಾಮಾನು ಹೆಚ್ಚೇನಿಲ್ಲ. 30 ಮೀಟರ್ ಟೇಪು, ದಿಕ್ಸೂಚಿ, ಒಳ್ಳೆ ಟಾರ್ಚು ಎರಡು, ತೆಂಗಿನ ನಾರಿನ ಮೆತ್ತನೆ ಬ್ರಷ್ಷು, ನೀರು, ಪೆನ್ಸಿಲ್ಲು, ಹತ್ತತ್ತು ಸೆಂಟಿಮೀಟರಿಗೆ ಕಪ್ಪು ಬಿಳಿ ಬಣ್ಣ ಬಳಿದ ಅರ್ಧ ಮೀಟರ್ ಪಟ್ಟಿ. ಪೆನ್ನು ಬೇಡ, ಇಬ್ಬನಿಗೆ ಶಾಯಿ ಹರಡುತ್ತದೆ.

ಸರ್ವೆ ಇಲಾಖೆಯ ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಳ್ಳಿ. ಅದರಲ್ಲಿ ಸರ್ವೆ ನಂಬರು, ತೋಡು (ಹಳ್ಳ), ಕಾಲುದಾರಿ, ಕೆಲವು ಕಡೆ ದೇವಸ್ಥಾನವೂ ಇರುತ್ತದೆ. ಇಂದು ಮುಚ್ಚಿಹೋದ ಕಾಲುದಾರಿ ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿ ಉಳಿದಿದ್ದರೆ ಮೊದಲ ದಿನ ಆ ಗೆರೆಯ ಮೇಲೆಯೇ ನಡೆಯಿರಿ. ಹಳೇ ದಾರಿಯ ಅಂಚಿನಲ್ಲಿ ಹಳೇ ಕಲ್ಲು ಸಿಗುವ ಸಂಭವ ಹೆಚ್ಚು; ಈಗಿನ ಡಾಂಬರು ರಸ್ತೆಯಲ್ಲಿ ಹೋದರೆ ಊರಿನ ಬೆನ್ನು ಮಾತ್ರ ಕಾಣುತ್ತದೆ.

ಒಂದು ಕುರುಹಿಗೆ ಒಂದು ಹಾಳೆ. ಹಾಳೆಯಲ್ಲಿ ಕನ್ನಡದ ಹೆಸರು, ಕೊಡವ ತಕ್ಕ್, ಅರೆಭಾಷೆ, ಯರವ ನುಡಿಯ ಹೆಸರು ಬೇರೆ ಇದ್ದರೆ ಅದೂ, ಸರ್ವೆ ನಂಬರು, ಉದ್ದ, ಅಗಲ, ಎತ್ತರ, ಮುಖ ಯಾವ ದಿಕ್ಕಿಗೆ, ಈಗಿನ ಸ್ಥಿತಿ, ಯಾರು ನೋಡಿಕೊಳ್ಳುತ್ತಾರೆ, ಅದರ ಬಗ್ಗೆ ಏನು ಹೇಳುತ್ತಾರೆ, ಹೇಳಿದವರು ಯಾರು, ಯಾವ ದಿನ. ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಐದು ಸ್ಥಾನ ಬರೆಯಿರಿ, ಐದನೇ ಸ್ಥಾನ ಅಂದರೆ ಸುಮಾರು ಒಂದು ಮೀಟರು. ಆದರೆ ಮರದಡಿ ಮೊಬೈಲು ಹತ್ತಿಪ್ಪತ್ತು ಮೀಟರ್ ತಪ್ಪು ತೋರಿಸುತ್ತದೆ. ಎರಡು ಮೂರು ನಿಮಿಷ ಅಲುಗದೆ ನಿಂತು ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಜೊತೆಗೆ ಹತ್ತಿರದ ಮನೆಯಿಂದಲೋ ಕಟ್ಟೆಯಿಂದಲೋ ಟೇಪಿನ ಅಳತೆಯೂ ಇರಲಿ.

ಕಲ್ಲುಗಳು

ಕೊಡಗಿನಲ್ಲಿ ಕಾದಾಡಿ ಸತ್ತವರ ವೀರಗಲ್ಲಿಗೂ ಸತಿ ಹೋದವರ ಮಾಸ್ತಿಕಲ್ಲಿಗೂ ಕೊಲೆಕಲ್ಲು ಎಂಬ ಒಂದೇ ಹೆಸರು ಓಡಾಡುತ್ತದೆ. ಹಾಳೆಯಲ್ಲಿ ಬೇರೆ ಮಾಡಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ ಚಂದ್ರ. ಬಳೆ ತೊಟ್ಟ ಕೈ ಮೇಲೆತ್ತಿ ನಿಂತಂತೆ ಇದ್ದರೆ ಮಾಸ್ತಿಕಲ್ಲು. ಕೆಳ ಅಂತಸ್ತನ್ನು ಸಾವಧಾನವಾಗಿ ನೋಡಿ: ದನಗಳಿವೆಯೇ, ಹುಲಿಯೇ ಹಂದಿಯೇ, ಕುದುರೆ ಇದೆಯೇ, ಬಿಲ್ಲೋ ಕತ್ತಿಯೋ. ತುರುಗೊಳ್ (ದನಗಳಿಗಾಗಿ ನಡೆದ) ಕಾದಾಟವೋ ಬೇಟೆಯ ಸಾವೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇರುವ ಸಂಭವ ಹೆಚ್ಚು. ಕಲ್ಲಿನ ಅರ್ಧ ಮಣ್ಣಿನಲ್ಲಿ ಹೂತಿದ್ದರೆ ಅಗೆಯಬೇಡಿ. ನೆಲದಿಂದ ಮೇಲಿನ ಎತ್ತರ ಬರೆದು, ಕೆಳಗೆ ಹೂತಿದೆ ಎಂದು ಗುರುತು ಮಾಡಿ.

ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಅಕ್ಕಿಹಿಟ್ಟು, ಅರಿಶಿನ ಉಜ್ಜುವುದು ಹಳೇ ತಪ್ಪು. ಸುಣ್ಣ ತುಂಬುವಾಗ ಉಜ್ಜಿದವರು ತಾವು ಓದಿದ ಅಕ್ಷರವನ್ನೇ ತುಂಬುತ್ತಾರೆ, ಮುಂದೆ ಬಂದವರಿಗೆ ಕಲ್ಲಿನ ಅಕ್ಷರ ಸಿಗುವುದಿಲ್ಲ. ಹಿಟ್ಟು ಮಳೆಗಾಲದಲ್ಲಿ ಬೂಸಲು ಹಿಡಿಸುತ್ತದೆ. ತಂತಿ ಬ್ರಷ್ಷು, ಆಸಿಡ್ಡು, ಪೇಂಟು ಕಲ್ಲನ್ನೇ ತಿನ್ನುತ್ತವೆ. ನೀರು ಚಿಮುಕಿಸಿ ನಾರಿನ ಬ್ರಷ್ಷಿನಿಂದ ಮೆಲ್ಲಗೆ ಒರೆಸಿದರೆ ಸಾಕು. ಪಾಚಿ ಬಲವಾಗಿ ಅಂಟಿದ್ದರೆ ಬಿಟ್ಟುಬಿಡಿ, ಅದರ ಬೇರಿನ ಜೊತೆ ಕಲ್ಲಿನ ಮೇಲ್ಪದರವೂ ಏಳುತ್ತದೆ.

ಓದುವುದು ರಾತ್ರಿ. ಕತ್ತಲಾದ ಮೇಲೆ ಕ್ಯಾಮೆರಾವನ್ನು ಕಲ್ಲಿಗೆ ನೇರ ಎದುರು ಅಲುಗದಂತೆ ಇಟ್ಟು, ಟಾರ್ಚನ್ನು ಒಂದು ಮೀಟರ್ ದೂರದಿಂದ ಕಲ್ಲಿನ ಮೈಗೆ ಹೆಚ್ಚುಕಡಿಮೆ ಒರಗಿಸಿದಂತೆ, ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಎಡದಿಂದ ಒಂದು, ಬಲದಿಂದ ಒಂದು, ಮೇಲೆ, ಕೆಳಗೆ, ನಾಲ್ಕು ಮೂಲೆ: ಎಂಟು ಚಿತ್ರ. ಹಗಲಲ್ಲಿ ಬೋಳಾಗಿ ಕಂಡ ಪಟ್ಟಿಯಲ್ಲಿ ಅಡ್ಡಬೆಳಕು ಬಿದ್ದಾಗ ಒಂದೊಂದೇ ಗೆರೆ ನೆರಳು ಹಿಡಿಯುತ್ತದೆ. ಎಡಬೆಳಕಿಗೆ ನೆಟ್ಟಗಿನ ಗೆರೆ ಕಾಣುತ್ತದೆ, ಅಡ್ಡಗೆರೆ ಮಾಯವಾಗುತ್ತದೆ. ಮೇಲಿನಿಂದ ಹಿಡಿದರೆ ಅಡ್ಡಗೆರೆ ಬರುತ್ತದೆ. ಆದ್ದರಿಂದ ಒಂದೇ ಚಿತ್ರದಿಂದ ಓದಬೇಡಿ, ಎಂಟನ್ನೂ ಪಕ್ಕಪಕ್ಕ ಇಡಿ. ಕಾಗದ ಒತ್ತಿ ಮಸಿಯಚ್ಚು ತೆಗೆಯುವುದನ್ನು ಕಲಿತವರಿಗೆ ಬಿಡುವುದು ಒಳ್ಳೆಯದು. ನಮ್ಮ ತೇವದಲ್ಲಿ ಕಾಗದ ಹದಕ್ಕೆ ಒಣಗುವುದು ನಿಧಾನ, ಅವಸರ ಮಾಡಿದರೆ ಮಸಿ ಕಲ್ಲಿಗೆ ಇಳಿಯುತ್ತದೆ.

ಓದಿ ಮುಗಿದ ಮೇಲೆ, ಅದಕ್ಕಿಂತ ಮೊದಲು ಅಲ್ಲ, ಅಚ್ಚಾದ ಪಾಠದ ಜೊತೆ ಹೋಲಿಸಿ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ 1886ರಲ್ಲೇ ಪ್ರಕಟಿಸಿದ್ದರು, 1914ರಲ್ಲಿ ತಿದ್ದಿದ ಆವೃತ್ತಿ ಬಂತು; ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವೇ ಕೊಡಗು. ಅದರಲ್ಲಿ ನಿಮ್ಮ ಕಲ್ಲು ಇಲ್ಲದಿದ್ದರೆ ಚಿತ್ರಗಳನ್ನು ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೋ ವಿಶ್ವವಿದ್ಯಾಲಯದ ಶಾಸನ ತಜ್ಞರಿಗೋ ಕಳಿಸಿ.

ಇಸವಿ ಲೆಕ್ಕ ಹಾಕುವಾಗ

ಊರ ಚರಿತ್ರೆಗಳಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಪೆಗ್ಗೂರಿನ ಶಾಸನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶಕ 899, ಈಶ್ವರ ಸಂವತ್ಸರ, ಫಾಲ್ಗುಣ ಶುಕ್ಲಪಕ್ಷ ಎಂದಿದೆ. ಶಕಕ್ಕೆ 78 ಕೂಡಿಸಬೇಕೆಂದು ಎಲ್ಲರಿಗೂ ಗೊತ್ತು, 977 ಬರುತ್ತದೆ. ಆದರೆ ಶಕ ವರ್ಷ ಯುಗಾದಿಯಿಂದ ಯುಗಾದಿಗೆ. ಫಾಲ್ಗುಣ ಅದರ ಕೊನೆಯ ತಿಂಗಳು, ಅಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರು ಹೊಸ ವರ್ಷಕ್ಕೆ ಹೋಗಿ ಫೆಬ್ರವರಿ ಮಾರ್ಚ್ ಆಗಿರುತ್ತದೆ. ಹಾಗಾಗಿ ಅದು 978. ಬಿಳಿಯೂರಿನ ಶಾಸನವೂ ಫಾಲ್ಗುಣದ್ದೇ: ಶಕ 809, ಅಂದರೆ 887 ಅಲ್ಲ, 888.

ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ. ಚಕ್ರ 60 ವರ್ಷದ್ದು. 977ಕ್ಕೆ 60ರ ಹದಿನೇಳು ಪಟ್ಟು, ಅಂದರೆ 1020 ಸೇರಿಸಿ: 1997. ಆ ವರ್ಷದ ಯುಗಾದಿಯಿಂದ ಶುರುವಾದದ್ದು ಈಶ್ವರ ಸಂವತ್ಸರವೇ. ಲೆಕ್ಕ ಕೂಡಿತು. ಒಂದೆರಡು ವರ್ಷ ಆಚೆ ಈಚೆ ಬಂದರೆ ಅಂಕಿ ಓದಿದ್ದು ತಪ್ಪಿರಬಹುದು, ಇಲ್ಲವೇ ಕೆತ್ತಿದವರು ಶಕವನ್ನು ಬೇರೆ ರೀತಿ ಎಣಿಸಿರಬಹುದು. ಎರಡನ್ನೂ ಬರೆದಿಡಿ, ಸರಿಪಡಿಸಲು ಹೋಗಬೇಡಿ. ಹಾಲೇರಿ ಅರಸರ ಕಾಲದ ಬರಹಗಳಲ್ಲಿ ಕಲಿವರ್ಷ ಬರುತ್ತದೆ. ಅದರಿಂದ 3101 ಕಳೆಯಿರಿ: ಕಲಿ 4893 ಅಂದರೆ 1792, ನಾಲ್ಕುನಾಡು ಅರಮನೆ ಕಟ್ಟಿದ ವರ್ಷ. ತಿಂಗಳಿನ ಎಚ್ಚರ ಇಲ್ಲೂ ಬೇಕು.

ಅಕ್ಷರವಿಲ್ಲದ ಕಲ್ಲಿಗೆ ಇಸವಿ ಕೊಡಬೇಡಿ. ‘ಗಂಗರ ಕಾಲದ್ದು’ ಎಂದು ಯಾರೋ ಬೋರ್ಡು ಹಾಕಿದ್ದರೆ ಅದು ಬೋರ್ಡಿನ ಮಾತು ಎಂದೇ ಬರೆಯಿರಿ.

ಹೆಸರಿನ ವಿಷಯವೂ ಇಲ್ಲೇ ಹೇಳಬೇಕು. ಪೆಗ್ಗೂರು ಆ ಶಾಸನದಲ್ಲಿ ‘ಪೆರ್ಗ್ಗದೂರು’. ಸಾವಿರ ವರ್ಷದಲ್ಲಿ ನಡುವಿನ ಅಕ್ಷರ ಸವೆದು ಇಂದಿನ ಹೆಸರಾಗಿದೆ. ಇದನ್ನು ನೋಡದೆ ಇಂದಿನ ಹೆಸರನ್ನೇ ತುಂಡುಮಾಡಿ ಅರ್ಥ ಹೇಳಿದರೆ ಆ ಅರ್ಥ ನಿಲ್ಲುವುದಿಲ್ಲ. ಮೊದಲು ಅತಿ ಹಳೆಯ ಬರಹದ ರೂಪ ಹುಡುಕಿ, ಆಮೇಲೆ ಅರ್ಥ. ಪಾಂಡವರು ಬಂದರು, ಸೀತೆ ಕೂತಳು ಎನ್ನುವ ಸ್ಥಳಪುರಾಣವನ್ನು ಬಿಡಬೇಕಿಲ್ಲ. ಅದು ಊರಿನ ಆಸ್ತಿ, ಪುರಾಣ ಎಂಬ ತಲೆಬರಹದಡಿ ಪೂರ್ತಿ ಕೊಡಿ. ಬ್ರಿಟಿಷರ ಕಾಲದ ಕಡತ ಹುಡುಕುವಾಗ ಅವರ ಕಾಗುಣಿತದಲ್ಲೇ ಹುಡುಕಿ: ಮಡಿಕೇರಿ ‘ಮರ್ಕೆರ’, ಕುಶಾಲನಗರ ‘ಫ್ರೇಜರ್‌ಪೇಟೆ’, ವಿರಾಜಪೇಟೆ ‘ವೀರರಾಜೇಂದ್ರಪೇಟೆ’.

ಕಡಂಗ, ಪಾಂಡವರ ಪಾರೆ

ಕಡಂಗ ಎಂಬ ಹಳೇ ಕಾವಲು ಕಂದಕಗಳು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿವೆ, ಕೆಲವು ಇಂದಿಗೂ ಹದಿನೈದಿಪ್ಪತ್ತು ಅಡಿ ಆಳ. ಬಿಳಿಯೂರಿನ 888ರ ಶಾಸನದಲ್ಲಿ ಬಸದಿಯ ಜಾಗದ ಹೆಸರೇ ‘ಪೆನ್ನೆಕಡಂಗ’. ಪದ ಅಷ್ಟು ಹಳೆಯದು. ಆದರೆ ಕಂಡ ಹೊಂಡವೆಲ್ಲ ಕಡಂಗ ಅಲ್ಲ. ನೀರು ಕೊರೆದ ಕಣಿ ಇಳಿಜಾರಿನ ಗುಂಟ ಇಳಿಯುತ್ತದೆ, ಅಗಲ ಹೆಚ್ಚುತ್ತಾ ಹೋಗುತ್ತದೆ. ಕಡಂಗ ದಿಣ್ಣೆಯನ್ನು ಹತ್ತಿ ದಾಟುತ್ತದೆ, ಅಗಲ ಹೆಚ್ಚುಕಡಿಮೆ ಒಂದೇ, ತೆಗೆದ ಮಣ್ಣು ಒಂದು ಪಕ್ಕ ಏರಿಯಾಗಿ ನಿಂತಿರುತ್ತದೆ. ಕಾಡಂಚಿನ ಆನೆಕಂದಕದ ಗೋಡೆ ಹೊಸದು, ಅಂಚು ಚೂಪು. ಮೂರು ಕಡೆ ಅಡ್ಡ ಅಳತೆ ತೆಗೆಯಿರಿ: ಒಂದು ದಡದಿಂದ ಇನ್ನೊಂದಕ್ಕೆ ಹಗ್ಗ ಬಿಗಿದು, ಒಂದೊಂದು ಮೀಟರಿಗೆ ತೂಗುಗುಂಡು ಬಿಟ್ಟು ಆಳ ಬರೆಯುವುದು. ಏರಿ ಯಾವ ಪಕ್ಕದಲ್ಲಿದೆ ಎಂಬುದು ಮುಖ್ಯ. ಕಾಯುತ್ತಿದ್ದವರು ಯಾವ ಕಡೆ ಇದ್ದರು ಎಂಬುದಕ್ಕೆ ಅದು ಸುಳಿವು.

ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಶಿಲಾಗೋರಿಗಳನ್ನು ಜನ ಪಾಂಡವರ ಪಾರೆ ಎನ್ನುತ್ತಾರೆ. ಸೋಮವಾರಪೇಟೆ ಕಡೆ ದೊಡ್ಡಮಳ್ತೆಯಲ್ಲಿ ಇಂಥವು ಇವೆ. ಒಂದು ಚಪ್ಪಡಿಯಲ್ಲಿ ದುಂಡು ಕಂಡಿ ಇದ್ದರೆ ಅದರ ಅಡ್ಡಳತೆ, ದಿಕ್ಕು ಬರೆಯಿರಿ. ಇವುಗಳ ನಿಖರ ಜಾಗವನ್ನು ಮಾತ್ರ ಅಚ್ಚು ಮಾಡಬೇಡಿ. ನಿಧಿಯ ಆಸೆಗೆ ಅಗೆಯುವವರು ಇಂದಿಗೂ ಇದ್ದಾರೆ, ಒಮ್ಮೆ ಅಗೆದ ಗೋರಿಯಿಂದ ಮತ್ತೆ ಏನನ್ನೂ ತಿಳಿಯಲಾಗದು. ಪೂರ್ತಿ ಹಾಳೆಯನ್ನು ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಡಿ. ಮಣ್ಣಿನಲ್ಲಿ ನಾಣ್ಯ, ಮಡಕೆ, ಲೋಹದ ವಸ್ತು ಸಿಕ್ಕರೆ ಅಲ್ಲಾಡಿಸದೆ ತಹಶೀಲ್ದಾರರಿಗೆ ತಿಳಿಸಬೇಕು.

ಐನ್‌ಮನೆ, ಮಂದ್, ದೇವರಕಾಡು

ಐನ್‌ಮನೆ (ಒಕ್ಕದ ಮೂಲಮನೆ) ಅಳೆಯುವ ಮೊದಲು ಅದರ ಪಟ್ಟೇದಾರರ (ಯಜಮಾನರ) ಒಪ್ಪಿಗೆ ಬೇಕು. ಫೋನು ಮಾಡಿ ಹೋದರೆ ಸಾಲದು. ಒಮ್ಮೆ ಹೋಗಿ ಕೂತು ಮಾತಾಡಿ ಬನ್ನಿ, ಎರಡನೇ ಸಲ ಟೇಪು ತನ್ನಿ. ಓಣಿಯಿಂದ ಶುರುಮಾಡಿ: ಉದ್ದ, ಎರಡು ಬದಿಯ ಗೋಡೆಯ ಎತ್ತರ, ತಿರುವು. ಆಮೇಲೆ ಅಂಗಳ, ಮೆಟ್ಟಿಲು, ಕಯ್ಯಾಲೆ (ಜಗಲಿ), ಕಂಬಗಳ ನಡುವಿನ ಐಮರ (ಕೂರುವ ಮರದ ಹಲಗೆ), ಒಳಗೆ ನೆಲ್ಲಕ್ಕಿ ನಡುಬಾಡೆ (ನಡುಮನೆ). ಹಿರಿಯರ ಪೂಜೆಯ ಕೋಣೆಯಾದ ಕನ್ನಿಕೊಂಬರೆಯ ಒಳ ಅಳತೆ ಕೇಳಬೇಡಿ, ಹೊರಗೋಡೆಯ ಅಳತೆಯಿಂದ ನಕ್ಷೆ ಕೂಡಿಸಬಹುದು. ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಪ್ರಮಾಣ ಸಾಕು. ಕೋಣೆಗೆ ಎರಡು ಕರ್ಣದ ಅಳತೆ ತೆಗೆಯದಿದ್ದರೆ ಮನೆಗೆ ಬಂದು ಬರೆಯುವಾಗ ಗೋಡೆ ಕೂಡುವುದಿಲ್ಲ. ಹಳೇ ಮಣ್ಣಿನ ಗೋಡೆಗಳ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇರುವುದು ಅಪರೂಪ. ಹುಲ್ಲಿನ ಮಾಡು ಹೆಂಚಾದದ್ದು ಯಾವಾಗ, ಸಿಮೆಂಟು ಎಲ್ಲಿ ಸೇರಿತು ಎಂದು ಕೇಳಿ ಬರೆಯಿರಿ. ಪೂರ್ವಿಕರ ಗುಡಿಯಾದ ಕೈಮಡವನ್ನು ಹೊರಗಿನಿಂದ ಮಾತ್ರ.

ಮಂದ್ ಬರೀ ಮೈದಾನದಂತೆ ಕಾಣುತ್ತದೆ, ಅದಕ್ಕೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಮರ ಯಾವುದು, ಯಾವ ಯಾವ ಊರಿನವರು ಪುತ್ತರಿ ಕೋಲಿಗೆ ಬರುತ್ತಾರೆ, ಯಾರು ಯಾವ ದಿಕ್ಕಿನಿಂದ ಬಂದು ಎಲ್ಲಿ ನಿಲ್ಲುತ್ತಾರೆ. ಹಳೇ ನಾಡಿನ ಗಡಿ ಈ ನಿಲ್ಲುವ ಕ್ರಮದಲ್ಲಿ ಉಳಿದಿರುತ್ತದೆ. ದೇವರಕಾಡುಗಳು ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು. ಒಳಗೆ ಯಾರು, ಯಾವ ದಿನ ಹೋಗಬಹುದು ಎಂಬುದು ಊರಿಂದೂರಿಗೆ ಬೇರೆ, ತಕ್ಕರನ್ನು (ಊರ ಮುಖಂಡರನ್ನು) ಕೇಳಿ. ನಕ್ಷೆಯ ವಿಸ್ತೀರ್ಣವನ್ನೂ ಈಗ ಮರ ಇರುವ ಜಾಗವನ್ನೂ ಎರಡು ಬೇರೆ ಸಾಲಲ್ಲಿ ಬರೆಯಿರಿ.

ಮಾತು ಕೇಳುವುದು

ಒಮ್ಮೆಗೆ ಮುಕ್ಕಾಲು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಅವರ ನುಡಿಯಲ್ಲೇ ಕೇಳಿ, ಅವರ ಪದವನ್ನೇ ಬರೆಯಿರಿ. ಕೊಡವ ತಕ್ಕ್‌ನಲ್ಲಿ ‘ತಾಯಿ’ ಅಂದರೆ ಅಜ್ಜಿ, ಹೆತ್ತವಳು ‘ಅವ್ವ’. ಇದು ಗೊತ್ತಿಲ್ಲದೆ ಕನ್ನಡದ ಅರ್ಥದಲ್ಲಿ ಬರೆದುಕೊಂಡರೆ ಒಂದು ತಲೆಮಾರು, ಅಂದರೆ ಇಪ್ಪತ್ತೈದು ಮೂವತ್ತು ವರ್ಷ, ಹಾರಿಹೋಗುತ್ತದೆ. ಇಸವಿ ಕೇಳಬೇಡಿ. ‘ಕೊಡಗು ಮೈಸೂರಿಗೆ ಸೇರಿದಾಗ ಶಾಲೆಗೆ ಹೋಗುತ್ತಿದ್ದಿರಾ?’ ಎಂದು ಕೇಳಿ; ಅದು 1956 ನವೆಂಬರ್ 1. ಚೀನಾ ಯುದ್ಧ 1962, ಬಾಂಗ್ಲಾ ಯುದ್ಧ 1971. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳಲ್ಲಿ ಈ ಗುರುತುಗಳು ಗಟ್ಟಿ. ಒಂದೇ ಮಾತನ್ನು ಬೇರೆ ಬೇರೆ ಮನೆಯ ಮೂವರು ಹೇಳುವವರೆಗೆ ‘ಹೀಗೆ ಹೇಳುತ್ತಾರೆ’ ಎಂದೇ ಇರಲಿ.

ಕೇಳಬೇಕಾದ ಮನೆಗಳ ಪಟ್ಟಿಯನ್ನು ಮೊದಲೇ ಮಾಡಿ, ಅದರಲ್ಲಿ ಐನ್‌ಮನೆಗಳಷ್ಟೇ ಸಂಖ್ಯೆಯ ಬೇರೆ ಮನೆಗಳಿರಲಿ. ಯರವರು, ಕುರುಬರು, ಕುಡಿಯರು, ಗೌಡರು, ಹೆಗ್ಗಡೆ, ಐರಿ, ಕೊಯವ, ಮಾಪಿಳ್ಳೆ, ಲೈನ್ ಮನೆಯವರು. ಗದ್ದೆ ಉತ್ತವರಿಗೆ ಗದ್ದೆಯ ಹೆಸರು ಗೊತ್ತು, ಪಟ್ಟೆ ಇದ್ದವರಿಗೆ ಸರ್ವೆ ನಂಬರು ಗೊತ್ತು. ಒಂದು ಕಡೆಯವರನ್ನು ಮಾತ್ರ ಕೇಳಿ ಬರೆದದ್ದು ಒಕ್ಕದ ಚರಿತ್ರೆ ಆದೀತು, ಊರಿನದ್ದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿ ನೆಲದ ಆಕಾರವೇ ಬದಲಾಯಿತು. ಅಂಥ ಕಡೆ ಗದ್ದೆ, ತೋಡು, ದಾರಿಯ ಹೆಸರು ಈಗ ಜನರ ಬಾಯಲ್ಲಿ ಮಾತ್ರ ಇದೆ. ಅವರು ಬೇರೆ ಕಡೆ ಹೋಗಿ ನೆಲೆಸಿದ್ದರೂ ಹುಡುಕಿಕೊಂಡು ಹೋಗಿ ಕೇಳಬೇಕು.

ಕಾಗದ

ಆರ್‌ಟಿಸಿ (ಪಹಣಿ) ಓದುವಾಗ ಕೆಲವು ಎಚ್ಚರಿಕೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದಲ್ಲಿ ತೀರಿಹೋದ ಪಟ್ಟೇದಾರರ ಹೆಸರೇ ಮುಂದುವರಿದಿರಬಹುದು, ಈಗ ಇರುವವರು ಎಂದು ತಿಳಿಯಬೇಡಿ. ಹಳೇ ಲೆಕ್ಕದಲ್ಲಿ ಗದ್ದೆ ‘ಭಟ್ಟಿ’ಯಲ್ಲಿ ಇರುತ್ತದೆ, 100 ಭಟ್ಟಿ ಅಂದರೆ ಸುಮಾರು 3 ಎಕರೆ. ಬಾಣೆ ಎಂದರೆ ಗದ್ದೆಗೆ ಅಂಟಿಕೊಂಡ ಜಾಗ, ಸೊಪ್ಪು ಸೌದೆಗೆ ಬಿಟ್ಟದ್ದು, ಅದನ್ನು ಮೊದಲಿನಿಂದಲೂ ಕಾಫಿ ತೋಟ ಎಂದು ಬರೆದರೆ ತಪ್ಪು. ಬ್ರಿಟಿಷರ ಕಾಫಿ ತೋಟಗಳು ಶುರುವಾದದ್ದೇ 1854ರ ಸುಮಾರಿಗೆ.

ಶಾಲೆಯ ಮೊದಲ ದಾಖಲಾತಿ ಪುಸ್ತಕ, ಸಹಕಾರ ಸಂಘದ ನಡಾವಳಿ, ಸೇತುವೆಯ ಕಲ್ಲು, ದೇವಸ್ಥಾನದ ಗಂಟೆ ಮತ್ತು ದೀಪದ ಮೇಲಿನ ಕಾಣಿಕೆ ಬರಹ ಇವೆಲ್ಲ ಇಸವಿ ಕೊಡುತ್ತವೆ. ಗಂಟೆಯ ಒಳಮೈಯನ್ನೂ ನೋಡಿ.

ಬರೆದ ಮೇಲೆ ಪ್ರತಿ ಕುರುಹಿನ ಕೆಳಗೆ ಮೂರರಲ್ಲಿ ಒಂದು ಅಕ್ಷರ ಹಾಕಿ: ಕಣ್ಣಾರೆ ಅಳೆದದ್ದು ‘ನೋ’, ಬರಹದಲ್ಲಿ ಇರುವುದು ‘ಬ’, ಹೇಳಿ ಕೇಳಿದ್ದು ‘ಹೇ’. ಮೊದಲ ಕರಡನ್ನು ಹತ್ತು ಪ್ರತಿ ತೆಗೆದು, ಎಡಪುಟಗಳನ್ನು ಖಾಲಿ ಬಿಟ್ಟು ಬೈಂಡ್ ಮಾಡಿಸಿ. ಊರಹಬ್ಬದ ದಿನ ಊರವರು ಸೇರುವ ಅಂಬಲದಲ್ಲಿ ಎರಡು, ಶಾಲೆಯಲ್ಲಿ ಒಂದು, ಪಂಚಾಯಿತಿಯಲ್ಲಿ ಒಂದು, ಲೈನ್ ಮನೆಗಳ ಹತ್ತಿರದ ಅಂಗಡಿಯಲ್ಲಿ ಒಂದು ಇಡಿ, ಪ್ರತಿಯೊಂದಕ್ಕೂ ದಾರದಲ್ಲಿ ಪೆನ್ಸಿಲ್ ಕಟ್ಟಿ. ಓದಲು ಬಾರದವರಿಗೆ ಅವರ ಮನೆಯ ಪುಟವನ್ನು ಓದಿ ಹೇಳಿ. ಖಾಲಿ ಪುಟ ತುಂಬಿ ವಾಪಸು ಬರಲು ಒಂದು ಮಳೆಗಾಲ ಬೇಕು. ಅಚ್ಚಿಗೆ ಕೊಡುವುದು ಅದರ ಮೇಲೆ.